ದೋಣಿ, ಗಾಡಿ, ರೈಲು

ತೀರ್ಥಹಳ್ಳಿ

ಪ್ರಿಯ ಗೆಳೆಯಾ,

ನಿನ್ನ ಪತ್ರ ತಲುಪಿ ಮೂರು ವಾರಗಳಾದವು. ಪುಸ್ತಕ, ಸಿನಿಮಾ, ಧಾರಾವಾಹಿಗಳಲ್ಲಿ ಅಪ್ಪನಿಗೆ ಅತ್ಯಂತ ಪ್ರಿಯವಾದ ಪಾತ್ರ ಯಾವುದೆಂದು ನಿನ್ನ ಮಗಳು ಕೇಳಿದಳೆಂದೂ, ನೀನು ಒಂದು ಕ್ಷಣವೂ ಯೋಚಿಸದೆ ಕಾರಂತರ ಕಾದಂಬರಿಯ ಮೂಕಜ್ಜಿಯ ಹೆಸರು ಹೇಳಿದೆಯೆಂದೂ ಬರೆದಿದ್ದೀಯೆ. ಅದೇ ಪ್ರಶ್ನೆಯನ್ನು ನನ್ನ ತಲೆಗೂ ಕಟ್ಟಿ ನೀನು ನಿರಾಳನಾದೆ. ನಾನು ಮಾತ್ರ ಈ ಮೂರು ವಾರ ಕಪಾಟಿನ ಮುಂದೆ ನಿಂತು, ಹಳೆಯ ಪುಸ್ತಕಗಳ ಕೊನೆಯ ಪುಟಗಳನ್ನೇ ತಿರುವಿ ಹಾಕುತ್ತಿದ್ದೆ. ಕೊನೆಯ ಪುಟಗಳೇ ಏಕೆಂಬುದು ನನಗೂ ತಡವಾಗಿ ಹೊಳೆಯಿತು.

ನನಗೆ ಮೊದಲು ನೆನಪಾದದ್ದು ಮನುಷ್ಯನಲ್ಲ, ನಾಯಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಹುಲಿಯ. ಸಿಂಬಾವಿ ಹೆಗ್ಗಡೆಯವರ ಆಳು ಗುತ್ತಿಗೆ ನಾಯಿಗುತ್ತಿ ಎಂಬ ಹೆಸರು ಅಂಟಿದ್ದು ಸದಾ ಅವನ ಬೆನ್ನಿಗಿರುತ್ತಿದ್ದ ಈ ಪ್ರಾಣಿಯಿಂದ. ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಕಾಡುಮೇಡು ಅಲೆಯುವಾಗಲೂ ಹುಲಿಯ ಜೊತೆಯಲ್ಲಿದೆ. ನೂರಾರು ಪುಟ ಹೀಗೆ ನಡೆದ ಮೇಲೆ, ಮಳೆಗಾಲದ ತುಂಬು ತುಂಗೆಯನ್ನು ಗುತ್ತಿ ತಿಮ್ಮಿಯರು ದೋಣಿಯಲ್ಲಿ ದಾಟುತ್ತಾರೆ. ಹುಲಿಯ ದಾಟುವುದಿಲ್ಲ, ಹೊಳೆಯ ಪಾಲಾಗುತ್ತದೆ. 1967ರಲ್ಲಿ ಬಂದ ಈ ಕಾದಂಬರಿಯ ಮೊದಲಲ್ಲಿರುವ ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಎಂಬ ಮಾತನ್ನು ಈಗ ಸಭೆಯ ಆಹ್ವಾನಪತ್ರಿಕೆಗಳಲ್ಲೂ ಅಚ್ಚು ಹಾಕಿಸುತ್ತಾರೆ. ಆದರೆ ಆ ಮಾತಿಗೆ ಕುವೆಂಪು ತೆತ್ತ ಬೆಲೆ ಎಷ್ಟೆಂದು ತಿಳಿಯಬೇಕಾದರೆ, ಇಬ್ಬರು ಪ್ರೇಮಿಗಳು ಬದುಕಿ ದಡ ಸೇರಿದ ಸಂತೋಷವನ್ನು ಒಂದು ನಾಯಿಯ ಸಾವು ಹೇಗೆ ನುಂಗಿಹಾಕುತ್ತದೆ ಎಂಬುದನ್ನು ಓದಬೇಕು. ಜೂನ್ ತಿಂಗಳಲ್ಲಿ ಇಲ್ಲಿನ ಸೇತುವೆಯ ಮೇಲೆ ನಿಂತು ಕೆಂಪು ನೀರನ್ನು ನೋಡುವಾಗ ನನಗೆ ಇಂದಿಗೂ ಮೊದಲು ನೆನಪಾಗುವುದು ಹುಲಿಯ. ರಾಮತೀರ್ಥದ ಪುಣ್ಯಕಥೆ ಆಮೇಲೆ.

ಎರಡನೆಯವನು ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯ ಪುಟ್ಟ. ಅದರ ಸಿನಿಮಾದ ಮಾತು ಬಂದಾಗಲೆಲ್ಲ ಜನರು ಪ್ರಾಣೇಶಾಚಾರ್ಯರಾಗಿದ್ದ ಗಿರೀಶ ಕಾರ್ನಾಡರನ್ನು, ನಾರಣಪ್ಪನಾಗಿದ್ದ ಲಂಕೇಶರನ್ನು ನೆನೆಯುತ್ತಾರೆಯೇ ಹೊರತು ಪುಟ್ಟನನ್ನು ಕೇಳುವವರಿಲ್ಲ. ಹೆಂಡತಿಯ ದಹನ ಮುಗಿಸಿ, ಯಾರ ಮುಖವೂ ಬೇಡವೆಂದು ದಾರಿ ಹಿಡಿದ ಆಚಾರ್ಯರಿಗೆ ಈ ಮಾಲೇರರ ಹುಡುಗ ಉಣ್ಣಿಯಂತೆ ಅಂಟಿಕೊಳ್ಳುತ್ತಾನೆ. ಒಗಟು ಹೇಳುತ್ತಾನೆ, ಊರು ಕೇಳುತ್ತಾನೆ, ಮೇಳಿಗೆಯ ತೇರಿಗೆ ಎಳೆದೊಯ್ಯುತ್ತಾನೆ, ಕಾಫಿ ಕುಡಿಸುತ್ತಾನೆ, ಕೋಳಿ ಅಂಕ ತೋರಿಸುತ್ತಾನೆ, ಪದ್ಮಾವತಿಯ ಮನೆಯ ಬಾಗಿಲಿಗೂ ಕರೆದುಕೊಂಡು ಹೋಗುತ್ತಾನೆ. ಮೊದಲ ಓದಿನಲ್ಲಿ ನನಗೂ ಅವನ ಮೇಲೆ ಸಿಟ್ಟು ಬಂದಿತ್ತು. ಇಷ್ಟು ದೊಡ್ಡ ಧರ್ಮಸಂಕಟದ ನಡುವೆ ಈ ವಾಚಾಳಿಯನ್ನು ಅನಂತಮೂರ್ತಿಯವರು ಏಕೆ ನುಗ್ಗಿಸಿದರೋ ಎನ್ನಿಸಿತ್ತು. ಹತ್ತು ವರ್ಷ ಕಳೆದು ಮತ್ತೆ ಓದಿದಾಗ ಕಂಡದ್ದು ಬೇರೆ. ಶಾಸ್ತ್ರವೆಲ್ಲ ಕೈಕೊಟ್ಟ ಹೊತ್ತಿನಲ್ಲಿ ಆ ಮನುಷ್ಯನಿಗೆ ‘ನಾನೂ ಬರುತ್ತೇನೆ’ ಎಂದು ಜೊತೆ ನಡೆದವನು ಇವನೊಬ್ಬನೇ, ಅದೂ ಅವನಿಂದ ಏನನ್ನೂ ಬಯಸದೆ. ಕೊನೆಗೆ ಹೊರಟ ಗಾಡಿಯಲ್ಲಿ ಜಾಗವಿರುವುದು ಒಬ್ಬರಿಗೆ ಮಾತ್ರ. ಆಚಾರ್ಯರು ಹತ್ತುತ್ತಾರೆ, ಪುಟ್ಟ ರಸ್ತೆಯಲ್ಲಿ ಉಳಿಯುತ್ತಾನೆ. ಮುಂದೇನಾಯಿತೆಂದು ವಿಮರ್ಶಕರು ಆಚಾರ್ಯರ ಬಗ್ಗೆ ಅರ್ಧ ಶತಮಾನದಿಂದ ವಾದಿಸುತ್ತಿದ್ದಾರೆ. ಪುಟ್ಟ ಆ ರಾತ್ರಿ ಎಲ್ಲಿ ಮಲಗಿದನೆಂದು ಒಬ್ಬರೂ ಕೇಳಿದಂತಿಲ್ಲ. ಪರದೇಶದಲ್ಲಿರುವ ನಿನಗೆ ಇದೊಂದು ಹಿಡಿಸಬಹುದು: ಮೇಳಿಗೆಯ ಆ ಜಾತ್ರೆ, ಆ ಧೂಳು, ಆ ಪುಟ್ಟನ ಹರಟೆ, ಎಲ್ಲವನ್ನೂ ಅನಂತಮೂರ್ತಿಯವರು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕುಳಿತು.

ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯ ಮಂದಣ್ಣನನ್ನು ಏಕೆ ಬಿಟ್ಟೆ ಎಂದು ನೀನು ಕೇಳುವೆ. ಬಿಟ್ಟಿಲ್ಲ. ಊರಿನವರ ಕಣ್ಣಿಗೆ ದಂಡಪಿಂಡನಾಗಿ ಕಂಡವನು ವಿಜ್ಞಾನಿ ಕರ್ವಾಲೋ ಅವರ ಕಣ್ಣಿಗೆ ಹುಟ್ಟು ಜೀವವಿಜ್ಞಾನಿಯಾಗಿ ಕಾಣುವುದು ನನಗೂ ಇಷ್ಟ. ಆದರೆ ಆ ಕಥೆಯಲ್ಲಿ ಕೊನೆಗೆ ಬಿಟ್ಟು ಹೋಗುವುದು ಹಾರುವ ಓತಿ. ಕಣಿವೆಯತ್ತ ಕಣ್ಣು ನೆಟ್ಟು ನಿಲ್ಲುವವರು ಇವರೆಲ್ಲರೂ ಒಟ್ಟಿಗೆ. ಒಟ್ಟಿಗೆ ನಿಂತವರ ಬಗ್ಗೆ ನನಗೆ ಅಷ್ಟು ಸಂಕಟವಾಗುವುದಿಲ್ಲ.

ಇನ್ನು ಸ್ವಾಮಿ. ಆರ್.ಕೆ. ನಾರಾಯಣರು 1935ರಲ್ಲಿ ಇಂಗ್ಲಿಷಿನಲ್ಲಿ ಹುಟ್ಟಿಸಿದ ಹುಡುಗನನ್ನು ನಾವು ಓದುವುದಕ್ಕೆ ಮೊದಲು ನೋಡಿದೆವಲ್ಲವೇ? ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಶಂಕರ್‌ನಾಗ್ ಆಗುಂಬೆಯನ್ನೇ ಮಾಲ್ಗುಡಿ ಮಾಡಿದ್ದರಿಂದ, ನಮ್ಮದೇ ತಾಲ್ಲೂಕಿನ ಜಗಲಿ, ಕಂಬ, ಹೆಂಚಿನ ಮನೆಗಳು ದೂರದರ್ಶನದಲ್ಲಿ ಹಿಂದಿ ಮಾತನಾಡುತ್ತಿದ್ದವು. ಅರ್ಧ ಭಾಷೆ ಅರ್ಥವಾಗದಿದ್ದರೂ ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥನ ಮುಖವೇ ನಮಗೆ ಸಾಕಾಗಿತ್ತು. ಮೊನ್ನೆ ಅರಸಾಳು ರೈಲು ನಿಲ್ದಾಣಕ್ಕೆ ಹೋಗಿದ್ದೆ. ಧಾರಾವಾಹಿಯ ಚಿತ್ರೀಕರಣ ನಡೆದ ಆ ಹಳೆಯ ಕಟ್ಟಡವನ್ನು ರೈಲ್ವೆಯವರು ಮಾಲ್ಗುಡಿ ಹೆಸರಿನ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಜನರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಸುಮ್ಮನೆ ಹಳಿಯ ಕಡೆ ನೋಡುತ್ತಾ ನಿಂತಿದ್ದೆ.

ಕಾದಂಬರಿಯ ಕೊನೆ ನಿನಗೆ ನೆನಪಿದೆಯೇ? ಕ್ರಿಕೆಟ್ ಪಂದ್ಯಕ್ಕೆ ಬಾರದೆ ಕೈಕೊಟ್ಟ ಸ್ವಾಮಿಯೊಡನೆ ಗೆಳೆಯ ರಾಜಂ ಮಾತು ಬಿಟ್ಟಿದ್ದಾನೆ. ಅವನ ತಂದೆಗೆ ವರ್ಗವಾಗಿದೆ. ಸ್ವಾಮಿ ನಸುಕಿನಲ್ಲೇ ನಿಲ್ದಾಣಕ್ಕೆ ಓಡಿ, ಚಲಿಸತೊಡಗಿದ ಗಾಡಿಯೊಳಕ್ಕೆ ಇನ್ನೊಬ್ಬ ಗೆಳೆಯ ಮಣಿಯ ಕೈಯಲ್ಲಿ ಒಂದು ಕಥೆಪುಸ್ತಕವನ್ನು ಕಾಣಿಕೆಯಾಗಿ ತಲುಪಿಸುತ್ತಾನೆ. ರಾಜಂ ಏನೋ ಹೇಳುತ್ತಾನೆ, ರೈಲಿನ ಸದ್ದಿನಲ್ಲಿ ಅದು ಕೇಳುವುದಿಲ್ಲ. ಅವನು ಕಾಗದ ಬರೆಯುತ್ತಾನೆಯೇ ಎಂದು ಸ್ವಾಮಿ ಕೇಳಿದರೆ, ಖಂಡಿತ ಬರೆಯುತ್ತಾನೆ ಎನ್ನುತ್ತಾನೆ ಮಣಿ. ಅವನ ಬಳಿ ನನ್ನ ವಿಳಾಸವೇ ಇಲ್ಲವಲ್ಲ ಎಂದರೆ, ನಾನು ಕೊಟ್ಟಿದ್ದೇನೆ ಎನ್ನುತ್ತಾನೆ. ನಿಜವೋ ಸುಳ್ಳೋ ಎಂದು ಸ್ವಾಮಿ ಮಣಿಯ ಮುಖವನ್ನು ದಿಟ್ಟಿಸುತ್ತಾನೆ. ಆ ಮುಖದಿಂದ ಏನೂ ತಿಳಿಯುವುದಿಲ್ಲ. ಸ್ವಾಮಿಗಿಂತಲೂ ಈಗೀಗ ನನಗೆ ಹೆಚ್ಚು ಇಷ್ಟವಾಗುವವನು ಮಣಿ. ಎಲ್ಲರನ್ನೂ ಹೊಡೆಯುತ್ತೇನೆಂದು ದೊಣ್ಣೆ ತಿರುಗಿಸುತ್ತಿದ್ದ ಆ ಒರಟ, ಗೆಳೆಯನನ್ನು ಸಮಾಧಾನಪಡಿಸಲು ಬಹುಶಃ ಹೇಳಿದ ಆ ಒಂದು ಸುಳ್ಳಿಗಾಗಿ.

ನಿನ್ನ ಮಗಳಿಗೆ ಇಷ್ಟನ್ನೂ ಓದಿ ಹೇಳು. ಮೂಕಜ್ಜಿಯ ಬಗ್ಗೆ ನನ್ನ ತಕರಾರೇನೂ ಇಲ್ಲವೆಂದೂ ತಿಳಿಸು. ಮತ್ತೆ, ಮುಂದಿನ ತಿಂಗಳು ಮನೆ ಬದಲಾಯಿಸುತ್ತಿರುವುದಾಗಿ ಬರೆದಿದ್ದೀಯೆ. ಹೊಸ ವಿಳಾಸವನ್ನು ಮಾತ್ರ ಎಲ್ಲಿಯೂ ಬರೆದಿಲ್ಲ.

ಇಂತಿ ನಿನ್ನ,
ಹೊಳೆದಂಡೆಯ ಗೆಳೆಯ