ಅತ್ತೂರು ಇಗರ್ಜಿಗೆ 500 ವರ್ಷ ಆಗ್ಲಿಲ್ಲ

ಸಂಪಾದಕರೇ,

ಕಾರ್ಕಳ ಹತ್ರದ ಅತ್ತೂರು ಇಗರ್ಜಿಯ (ಚರ್ಚಿನ) ಜಾತ್ರೆ ಸಾಂತುಮಾರಿ ಹತ್ರ ಬಂದ್ರೆ ಸಾಕು, ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಯಾರಾದ್ರೂ ಒಂದು ಫಾರ್ವರ್ಡ್ ಹಾಕ್ತಾರೆ, ಅಲ್ಲಿಯ ಸಂತ ಲಾರೆನ್ಸರ ಇಗರ್ಜಿ 500 ವರ್ಷ ಹಳೇದು, ಈಗ ಇರುವ ಕಟ್ಟಡವೇ ಟಿಪ್ಪು ಕಾಲದ್ದು ಅಂತ. ಟಿಪ್ಪು ಕಾಲದ್ದಾಗಿದ್ರೆ ಉಳೀತಿತ್ತಾ ಮಾರಾಯ್ರೆ? 1759ರಲ್ಲಿ ಶುರುವಾದ ಇಗರ್ಜಿ, 1784ರಲ್ಲಿ ಟಿಪ್ಪುವಿನವರು ಇಲ್ಲಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಹಿಡ್ಕೊಂಡು ಹೋದಾಗ ಅದನ್ನೂ ಕೆಡವಿದ್ರು, 1799ರಲ್ಲಿ ಟಿಪ್ಪು ಸತ್ತ ಮೇಲೆ ಬದುಕಿ ಉಳಿದವರು ವಾಪಸ್ ಬಂದು 1801ರಲ್ಲಿ ಕಟ್ಟಿಕೊಂಡದ್ದು ಬರೀ ಹುಲ್ಲಿನ ಮಾಡು. ಅದೂ ಬೇರೆ ಜಾಗದಲ್ಲಿ. ಅತ್ತೂರಲ್ಲಿ ಕಟ್ಟಿದ್ದು 1839ಕ್ಕೆ, ದೊಡ್ಡ ಇಗರ್ಜಿ ಎದ್ದದ್ದು 1900ರ ಹೊತ್ತಿಗೆ.

ಅತ್ತೂರೇ ಯಾಕೆ ಅಂದ್ರೆ ಒಂದು ಕತೆ ಉಂಟು. ಜಾಗ ಹುಡುಕುತ್ತಾ ಲಾರೆನ್ಸರ ಸಣ್ಣ ಮರದ ಮೂರ್ತಿ ಹಿಡ್ಕೊಂಡು ಹೋದವರು ಪರ್ಪಲೆ ಗುಡ್ಡೆ ಬುಡದಲ್ಲಿ ನೀರು ಕಂಡು ಕೂತ್ರಂತೆ, ಮೂರ್ತಿ ಕೆಳಗಿಟ್ಟದ್ದು ಮತ್ತೆ ಏಳಲೇ ಇಲ್ಲ, ಇಲ್ಲೇ ಇಗರ್ಜಿ ಕಟ್ತೇವೆ ಅಂತ ಹೇಳಿದ ಮೇಲೆ ಎದ್ದು ಬಂತಂತೆ. ಅಲ್ಲಿಯ ಪುಷ್ಕರಿಣಿ ನೀರನ್ನು ನಮ್ಮ ಅಜ್ಜಿ ಪ್ರತಿ ವರ್ಷ ಒಂದು ಬಾಟ್ಲಿ ತರ್ತಿದ್ರು, ಅವರೋ ದಿನಾ ತುಳಸಿಕಟ್ಟೆಗೆ ಸುತ್ತು ಬರುವವರು, ಆದ್ರೂ ಸಾಂತುಮಾರಿಗೆ ಮೇಣದಬತ್ತಿ ಹಚ್ಚದೆ ಇರ್ಲಿಲ್ಲ. ಸಂತರ ಕೈಯಲ್ಲಿರುವ ಕಬ್ಬಿಣದ ಜಾಲರಿ ನೋಡಿ "ಎಂತ, ಕಿಟಕಿ ಹಿಡ್ಕೊಂಡು ನಿಂತಿದ್ದಾರೆ?" ಅಂತ ಕೇಳಿದ್ರು ಒಂದ್ಸಲ. ಕಿಟಕಿ ಅಲ್ಲ, 258ರಲ್ಲಿ ರೋಮಿನಲ್ಲಿ ಅವರನ್ನು ಅದರ ಮೇಲೆ ಇಟ್ಟು ಸುಟ್ರು ಅಂತ ಹೇಳ್ತಾರೆ. ರೋಮಿನ ಆಡಳಿತದವರು ಇಗರ್ಜಿಯ ಸಂಪತ್ತು ತಂದು ಕೊಡು ಅಂದದ್ದಕ್ಕೆ ಲಾರೆನ್ಸರು ಬಡವರನ್ನು ಕರ್ಕೊಂಡು ಬಂದು ನಿಲ್ಲಿಸಿದ್ರಂತೆ.

ಅವರ ಹಬ್ಬದ ದಿನ ಆಗಸ್ಟ್ 10, ನಮ್ಮಲ್ಲಿ ಜಾತ್ರೆ ಮಾತ್ರ ಜನವರಿಯಲ್ಲಿ. ಆಗಸ್ಟಿನ ಆಟಿ ತಿಂಗಳ ಮಳೆಯಲ್ಲಿ ಮೇಣದಬತ್ತಿ ನಿಲ್ಲುವುದು ಹೇಗೆ ಅಂತ ನನ್ನ ಲೆಕ್ಕ!

2016ರಲ್ಲಿ ಅತ್ತೂರು ಇಗರ್ಜಿ ಬೆಸಿಲಿಕಾ ಆಯ್ತು, ಅಂದ್ರೆ ಪೋಪ್ ಕೊಡುವ ವಿಶೇಷ ಗೌರವದ ಇಗರ್ಜಿ; ಬೆಂಗಳೂರಿನ ಸೇಂಟ್ ಮೇರೀಸ್ ಆದ ಮೇಲೆ ರಾಜ್ಯದಲ್ಲಿ ಇದೇ ಎರಡನೇದು. ಪೇಪರಲ್ಲಿ ಮಾತ್ರ ಪ್ರತಿ ಜನವರಿ ಬರುವುದು ಜನಸಂದಣಿ, ಟ್ರಾಫಿಕ್, ಯಾವ ಗಣ್ಯರು ಬಂದ್ರು ಅಷ್ಟೇ. ಈ ಸಲ ಅರ್ಧ ಪುಟ ಇಸವಿಗಳ ಸಮೇತ ಹಾಕಿ ಸಾರ್, ನಾನೇ ಕಟಿಂಗ್ ಫೋಟೋ ತೆಗೆದು ಗ್ರೂಪಿಗೆ ಹಾಕ್ತೇನೆ.

- ಓದುಗ, ಉಡುಪಿ