ಸುಂಕ ಸೊನ್ನೆಯಾದರೂ ನಾಕಾ ಉಳಿಯುತ್ತದೆ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ವಾಚಕರ ಪುಟದಲ್ಲಿ ಹಾನಗಲ್ ಕಡೆಯ ಅಡಿಕೆ ಬೆಳೆಗಾರರೊಬ್ಬರ ಪತ್ರ ಓದಿದೆ. ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟು ಬಂತು, ಅದಕ್ಕೇನೂ ಆಗಲಿಲ್ಲ, ಹೊರಗಿನ ಅಡಿಕೆ ಸುಂಕದ ರಿಯಾಯಿತಿಯಲ್ಲಿ ಒಳಗೆ ಬರುತ್ತಿದೆ, ನಾವೂ ಆಸಿಯಾನ್ (ಥಾಯ್ಲೆಂಡ್, ಇಂಡೋನೇಷ್ಯಾ, ಮಲೇಷ್ಯಾದಂಥ ದೇಶಗಳ ಕೂಟ) ಜೊತೆ, ಶ್ರೀಲಂಕಾ ಜೊತೆ ಮಾಡಿಕೊಂಡ ವ್ಯಾಪಾರ ಒಪ್ಪಂದಗಳನ್ನೆಲ್ಲ ಹರಿದು ಹಾಕಬೇಕು ಅಂತ ಅವರು ಬರೆದಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ 'ಏನೂ ಆಗಲಿಲ್ಲ' ಅನ್ನುವ ಮಾತನ್ನು ಒಪ್ಪಲು ಆಗಲಿಲ್ಲ. ಪತ್ರ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಹುಬ್ಬಳ್ಳಿಯ ಒಂದು ಲಾರಿ ಬುಕಿಂಗ್ ಆಫೀಸಿನಲ್ಲಿ 28 ವರ್ಷದಿಂದ ಬಿಲ್ಟಿ (ಲಾರಿಗೆ ಹಾಕಿದ ಮಾಲಿನ ಕಾಗದ) ಬರೆಯುತ್ತಿದ್ದೇನೆ. ಅರ್ಥಶಾಸ್ತ್ರ ಓದಿದವನಲ್ಲ. ಆದರೆ ಗಡಿ ಅಂದರೆ ಏನು, ಗಡಿಯಲ್ಲಿ ಒಂದು ರಾತ್ರಿ ಗಾಡಿ ನಿಂತರೆ ಯಾರ ಜೇಬಿನಿಂದ ಎಷ್ಟು ಹೋಗುತ್ತದೆ ಅನ್ನೋದು ಚೆನ್ನಾಗಿ ಗೊತ್ತು.

ಜಿಎಸ್‌ಟಿ ಬರುವ ಮುಂಚಿನ ಮಾತು. ಗದಗ ಕಡೆಯ ಒಬ್ಬ ರೈತರ ಉಳ್ಳಾಗಡ್ಡಿ ಲೋಡ್ ಮಾಡಿ ಹೊರ ರಾಜ್ಯಕ್ಕೆ ಕಳಿಸಿದ್ದೆವು. ಮಳೆಗಾಲ. ರಾತ್ರಿ 11ಕ್ಕೆ ಡ್ರೈವರ್ ಫೋನ್ ಮಾಡಿದ, "ಅಣ್ಣಾರ, ಕಾಗದದಾಗ ಗಾಡಿ ನಂಬರ್ ಒಂದಕ್ಷರ ತಪ್ಪೈತಂತ್ರೀ, ನಾಕಾದಾಗ ಬಿಡವಲ್ರು." ತಪ್ಪು ನನ್ನದೇ, ಅವಸರದಲ್ಲಿ ಬರೆದಿದ್ದೆ. ಬೇರೆ ಕಾಗದ ಮಾಡಿಸಿ ಇನ್ನೊಂದು ಗಾಡಿಯಲ್ಲಿ ಕಳಿಸಿ, ಅದು ತಲುಪಿ, ಸಾಹೇಬರು ಬಂದು ಸಹಿ ಹಾಕುವಷ್ಟರಲ್ಲಿ ಎರಡು ರಾತ್ರಿ ಕಳೆಯಿತು. ತಾಡಪಾಲಿನ ಕೆಳಗೆ ಮಾಲು ಬಿಸಿಯಾಗಿ ಬೆವರಿತು, ಮೇಲಿನ ಚೀಲಗಳು ಕೊಳೆತವು. ಆ ರೈತರು ನಮ್ಮ ಆಫೀಸಿನ ಮುಂದಿನ ಕಟ್ಟೆಯ ಮೇಲೆ ಒಂದು ಮಾತೂ ಆಡದೆ ಕೂತಿದ್ದು ಇವತ್ತಿಗೂ ಕಣ್ಣಮುಂದಿದೆ. ನೋಡಿ, ಆ ಲೋಡಿಗೆ ತೆರಿಗೆ ಸೊನ್ನೆ. ಒಂದು ರೂಪಾಯಿ ಕಟ್ಟುವುದಿರಲಿಲ್ಲ. ಆದರೂ ಇಷ್ಟಾಯಿತು.

2017ರ ಜುಲೈ 1ರಂದು ಜಿಎಸ್‌ಟಿ ಬಂತು, ಕೆಲವೇ ದಿನಗಳಲ್ಲಿ ರಾಜ್ಯ ರಾಜ್ಯಗಳ ನಡುವಿನ ತೆರಿಗೆ ನಾಕಾಗಳು ಹೋದವು. ಊರೊಳಗೆ ಬರುವ ಮಾಲಿಗೆ ತೆರಿಗೆ ಕಟ್ಟಿಸಿಕೊಳ್ಳುತ್ತಿದ್ದ ಮುಂಬೈಯ ಆಕ್ಟ್ರಾಯ್ ನಾಕಾಗಳೂ ಜುಲೈ 1ರಂದೇ ಮುಚ್ಚಿದವು. ಜಿಎಸ್‌ಟಿಯಿಂದ ಸಣ್ಣ ಅಂಗಡಿಯವರಿಗೆ ತಿಂಗಳು ತಿಂಗಳು ರಿಟರ್ನ್ ತುಂಬುವ ಕಾಟ ಜಾಸ್ತಿಯಾಗಿದೆ, ಅದೂ ನಿಜ. ಆದರೆ ಲಾರಿ ಲೈನಿನಲ್ಲಿ ಯಾರನ್ನೇ ಕೇಳಿ, ಆ ಹಳೇ ನಾಕಾ ವಾಪಸ್ ಬರಲಿ ಅನ್ನುವವರು ಒಬ್ಬರೂ ಸಿಗುವುದಿಲ್ಲ.

ಬ್ರಿಟನ್ ಮಾಡಿದ್ದು ಇದಕ್ಕೆ ಉಲ್ಟಾ. ಇಲ್ಲದ ನಾಕಾವನ್ನು ತಾನೇ ತಂದುಕೊಂಡಿತು.

1973ರಲ್ಲಿ ಅವರು ಆ ಒಕ್ಕೂಟಕ್ಕೆ ಸೇರಿದ್ದು. 2016ರ ಜೂನ್ 23ರಂದು ಜನಮತ ಕೇಳಿದಾಗ ಶೇ 51.9 ಮಂದಿ ಬಿಡೋಣ ಅಂದರು, ಶೇ 48.1 ಮಂದಿ ಇರೋಣ ಅಂದರು. 2020ರ ಜನವರಿ 31ಕ್ಕೆ ಹೊರಬಂದರು, ಆ ವರ್ಷದ ಡಿಸೆಂಬರ್ ಮುಗಿಯುವವರೆಗೆ ಹಳೇ ವ್ಯವಸ್ಥೆಯೇ ನಡೆಯಿತು. ಆಮೇಲೆ ಒಂದು ಹೊಸ ಒಪ್ಪಂದ. ಅದರಲ್ಲಿ ಎರಡೂ ಕಡೆ ಸುಂಕ ಸೊನ್ನೆ. ಹಾನಗಲ್ಲಿನ ಓದುಗರು ಇದನ್ನೇ ನೋಡಿ ಏನೂ ಆಗಲಿಲ್ಲ ಅಂದಿರಬೇಕು.

ಸುಂಕ ಸೊನ್ನೆ ಸರಿ, ಆದರೆ ಮಾಲು ತನ್ನ ದೇಶದ್ದೇ ಅಂತ ತೋರಿಸುವ ಕಾಗದ ಬೇಕಾಯಿತು. ಕಸ್ಟಮ್ಸ್ ಕಾಗದ ಬೇಕಾಯಿತು. ಮಾಂಸ, ಮೀನು, ಹಾಲಿನ ಪದಾರ್ಥ ಇದ್ದರೆ ಪಶುವೈದ್ಯರ ಸಹಿಯ ಪ್ರಮಾಣಪತ್ರ ಬೇಕಾಯಿತು. ನಿನ್ನೆವರೆಗೆ ಧಾರವಾಡದಿಂದ ಹುಬ್ಬಳ್ಳಿಗೆ ಬಂದ ಹಾಗೆ ಫ್ರಾನ್ಸಿಗೆ ಹೋಗಿಬರುತ್ತಿದ್ದ ಲಾರಿಗಳಿಗೆ ಇದೆಲ್ಲ ಹೊಸದು. 2021ರ ಜನವರಿಯಲ್ಲಿ ಸ್ಕಾಟ್ಲೆಂಡಿನಿಂದ ಏಡಿ, ಸಿಗಡಿ ಕಳಿಸುವವರು ತಮ್ಮ ಲಾರಿಗಳನ್ನು ಲಂಡನ್ನಿಗೆ ತಂದು, ಪ್ರಧಾನಿ ಮನೆಯ ಹತ್ತಿರದ ರಸ್ತೆಯಲ್ಲೇ ನಿಲ್ಲಿಸಿ ಪ್ರತಿಭಟನೆ ಮಾಡಿದರು. ಒಂದು ದಿನ ತಡವಾದರೆ ಕೆಡುವ ಮಾಲು ಅದು. ಅದೇ ತಿಂಗಳು ಹಾಲೆಂಡಿನಲ್ಲಿ, ಬ್ರಿಟನ್ನಿಂದ ಬಂದ ಡ್ರೈವರುಗಳ ಬುತ್ತಿಯಲ್ಲಿದ್ದ ಮಾಂಸದ ಸ್ಯಾಂಡ್‌ವಿಚ್ಚನ್ನೂ ಅಧಿಕಾರಿಗಳು ಕಿತ್ತುಕೊಂಡರು, ಹೊರದೇಶದ ಮಾಂಸ ಒಳಗೆ ತರುವಂತಿಲ್ಲ ಅಂತ. ಇದನ್ನು ಓದಿದ ದಿನ ನನಗೆ ತುಂಬಾ ಬೇಜಾರಾಗಿತ್ತು. ರಾತ್ರಿಯಿಡೀ ಗಾಡಿ ಓಡಿಸಿ ಬಂದವನ ಊಟ ಅದು.

ಮುಂದೆ ಅದೇ ವರ್ಷ ಲಾರಿ ಡ್ರೈವರುಗಳೇ ಸಿಗದಂತಾಯಿತು. ಕೋವಿಡ್ಡಿನಲ್ಲಿ ಹೊಸಬರಿಗೆ ಲೈಸೆನ್ಸ್ ಪರೀಕ್ಷೆ ನಿಂತಿದ್ದು ಒಂದು ಕಾರಣ, ಪೋಲೆಂಡ್, ರೊಮೇನಿಯಾದಂಥ ದೇಶಗಳಿಂದ ಬಂದು ಓಡಿಸುತ್ತಿದ್ದವರು ವಾಪಸ್ ಹೋಗಿದ್ದು ಇನ್ನೊಂದು. ಸೆಪ್ಟೆಂಬರಿನಲ್ಲಿ ಪೆಟ್ರೋಲ್ ಬಂಕುಗಳ ಮುಂದೆ ಸಾಲು ಹತ್ತಿತು, ಕೊನೆಗೆ ಟ್ಯಾಂಕರ್ ಓಡಿಸಲು ಸೈನಿಕರನ್ನು ಕರೆಸಿದರು.

ಒಟ್ಟು ನಷ್ಟ ಎಷ್ಟು? ಬ್ರಿಟನ್ ಸರ್ಕಾರದ ಹಣಕಾಸಿನ ಅಂದಾಜು ಹಾಕಲೆಂದೇ ಇರುವ ಓಬಿಆರ್ ಅನ್ನುವ ಸ್ವತಂತ್ರ ಸಂಸ್ಥೆಯ ಲೆಕ್ಕದಲ್ಲಿ, ಒಕ್ಕೂಟದಲ್ಲೇ ಉಳಿದಿದ್ದರೆ ಎಷ್ಟಿರುತ್ತಿತ್ತೋ ಅದಕ್ಕಿಂತ ದೇಶದ ಉತ್ಪಾದಕತೆ ಮುಂದೆ ಶೇ 4ರಷ್ಟು ಕಡಿಮೆ ಇರುತ್ತದೆ. ಇದು ಅಂದಾಜು, ಕಣ್ಣಿಗೆ ಕಾಣುವುದಿಲ್ಲ. ಹೊರಗಿನಿಂದ ನೋಡಿದರೆ ಲಂಡನ್ ಹಾಗೇ ಇದೆ, ಅಂಗಡಿಗಳು ತೆರೆದಿವೆ. ಆದರೆ ಪ್ರತಿ ಸಲ 100 ಕೆಜಿ ಬರಬೇಕಾದ ಕಡೆ 96 ಕೆಜಿ ಬಂದರೆ ಅಮರಗೋಳದ ಎಪಿಎಂಸಿಯಲ್ಲಿ ಯಾರಾದರೂ ಸುಮ್ನೆ ಇರುತ್ತಾರಾ?

ಬಿಟ್ಟವರಿಗೆ ಲಾಭ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಒಕ್ಕೂಟದಲ್ಲಿದ್ದಾಗ ಬೇರೆ ದೇಶದ ಜೊತೆ ಸ್ವಂತ ವ್ಯಾಪಾರ ಒಪ್ಪಂದ ಮಾಡುವ ಹಕ್ಕು ಬ್ರಿಟನ್ನಿಗೆ ಇರಲಿಲ್ಲ. ಈಗ ಇದೆ. ಆಸ್ಟ್ರೇಲಿಯಾ ಜೊತೆ ಮಾಡಿತು, ನ್ಯೂಜಿಲೆಂಡ್ ಜೊತೆ ಮಾಡಿತು, 2025ರ ಜುಲೈ 24ರಂದು ನಮ್ಮ ಜೊತೆಯೂ ಸಹಿ ಹಾಕಿತು. ಆ ವರ್ಷ ಟ್ರಂಪ್ ಸುಂಕ ಏರಿಸಿದಾಗ ಬ್ರಿಟನ್ನಿಗೆ ಶೇ 10 ಬಿತ್ತು, ಐರೋಪ್ಯ ಒಕ್ಕೂಟಕ್ಕೆ ಶೇ 15. ಹೊರಗಿದ್ದದ್ದಕ್ಕೆ ಸಿಕ್ಕ ನಿಜವಾದ ಲಾಭ ಅದು. ನಮ್ಮ ಕಾನೂನು ನಾವೇ ಮಾಡಬೇಕು, ಒಕ್ಕೂಟದ ಕಚೇರಿ ಇರುವ ಬ್ರಸೆಲ್ಸಿನವರು ಯಾಕೆ ಮಾಡಬೇಕು ಅಂತ ಅಲ್ಲಿನ ಜನ ಕೇಳಿದ್ದರಲ್ಲೂ ತಪ್ಪಿಲ್ಲ. ಅದಕ್ಕೆ ದುಡ್ಡಿನ ಲೆಕ್ಕ ಹಾಕುವುದೂ ಕಷ್ಟ. ಆದರೆ ದುಡ್ಡಿನ ಲೆಕ್ಕ ಅಂತ ಬಂದರೆ, ಭಾರತದ ಜೊತೆಗಿನ ಒಪ್ಪಂದದಿಂದ ಅವರ ಆದಾಯ ಮುಂದೆ ಶೇ 0.13ರಷ್ಟು ಹೆಚ್ಚಬಹುದು ಅಂತ ಅವರ ಸರ್ಕಾರವೇ ಹೇಳಿದೆ. ಒಂದು ಕಡೆ 4, ಇನ್ನೊಂದು ಕಡೆ 0.13. ಇಂಥ ಒಪ್ಪಂದ ಇನ್ನೆಷ್ಟು ಮಾಡಿದರೆ ಆ ತೂಕ ಸರಿಹೋಗುತ್ತದೆ, ನೀವೇ ಲೆಕ್ಕ ಹಾಕಿ. ಪಕ್ಕದ ಮನೆಯವರ ಜೊತೆ ದಿನಾ ನಡೆಯುವ ವ್ಯಾಪಾರವನ್ನು ಸಮುದ್ರದಾಚೆಯ ದೇಶ ತುಂಬಿಕೊಡುವುದಿಲ್ಲ.

ನನಗೆ ಸಿಟ್ಟು ಬರುವುದು ಜನರಿಗೆ ಸರಿಯಾದ ಲೆಕ್ಕ ಕೊಡದೆ ವೋಟು ಕೇಳಿದ್ದಕ್ಕೆ. ಬಿಡೋಣ ಅನ್ನುವವರು ತಮ್ಮ ಪ್ರಚಾರದ ಕೆಂಪು ಬಸ್ಸಿನ ಮೇಲೆ ದೊಡ್ಡದಾಗಿ ಬರೆಸಿದ್ದರು, ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಕಳಿಸುತ್ತಿದ್ದೇವೆ, ಅದನ್ನು ನಮ್ಮ ಆಸ್ಪತ್ರೆಗಳಿಗೆ ಕೊಡೋಣ ಅಂತ. ಅದರಲ್ಲಿ ಬ್ರಿಟನ್ನಿಗೆ ಕೊಡುತ್ತಿದ್ದ ರಿಯಾಯಿತಿಯನ್ನು ಕಳೆದಿರಲಿಲ್ಲ. ರೈತರ ಸಬ್ಸಿಡಿಗೆ ಅಂತ ವಾಪಸ್ ಬರುತ್ತಿದ್ದ ಹಣವನ್ನೂ ಕಳೆದಿರಲಿಲ್ಲ.

ನಮ್ಮಲ್ಲೂ ಇಂಥ ಒಂದು ಮಾತಿದೆ. ಕರ್ನಾಟಕ ಕೇಂದ್ರಕ್ಕೆ ಕೊಡುವುದು ಜಾಸ್ತಿ, ವಾಪಸ್ ಬರುವುದು ಕಡಿಮೆ. ಕೇಂದ್ರ ಎಲ್ಲ ರಾಜ್ಯಗಳಿಗೆ ಹಂಚುವ ತೆರಿಗೆ ಹಣದಲ್ಲಿ 14ನೇ ಹಣಕಾಸು ಆಯೋಗದ ಪ್ರಕಾರ ನಮ್ಮ ಪಾಲು ಶೇ 4.713 ಇತ್ತು, 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ಇದು ಅನ್ಯಾಯ, ಕೇಳಲೇಬೇಕು, ನಾನೂ ಕೇಳುತ್ತೇನೆ. ಆದರೆ ಪಾಲು ಕಡಿಮೆ ಬಂತು ಅಂತ ಮಹಾರಾಷ್ಟ್ರ ಗಡಿಯ ಕೊಗನೊಳಿಯಲ್ಲಿ ಮತ್ತೆ ತೆರಿಗೆ ನಾಕಾ ಹಾಕೋಣ ಅಂತ ನಮ್ಮಲ್ಲಿ ಯಾರೂ ಹೇಳುವುದಿಲ್ಲ, ಅಲ್ವಾ? ಪಾಲಿನ ಜಗಳ ಬೇರೆ, ದಾರಿ ಮುಚ್ಚುವುದು ಬೇರೆ. ಬ್ರಿಟನ್ನಿನಲ್ಲಿ ಇವೆರಡೂ ಒಂದೇ ಅಂತ ಜನರಿಗೆ ಅನ್ನಿಸುವ ಹಾಗೆ ಮಾಡಿದರು.

ಹಾಗಂತ ಎಲ್ಲ ಒಕ್ಕೂಟಕ್ಕೂ ಸೇರಬೇಕು ಅಂತಲೂ ನನ್ನ ವಾದವಲ್ಲ. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಚೀನಾ, ನ್ಯೂಜಿಲೆಂಡ್ ಎಲ್ಲ ಇರುವ ಆರ್‌ಸಿಇಪಿ ಅನ್ನುವ ದೊಡ್ಡ ವ್ಯಾಪಾರ ಒಪ್ಪಂದಕ್ಕೆ ಭಾರತ ಸೇರುವುದಿಲ್ಲ ಅಂದಿತು, ನನಗೆ ಅದು ಸರಿ ಅನ್ನಿಸಿತ್ತು. ನ್ಯೂಜಿಲೆಂಡಿನಲ್ಲಿ ಇರುವುದೇ 50 ಲಕ್ಷದಷ್ಟು ಜನ, ತಮ್ಮ ಹಾಲಿನಲ್ಲಿ ಬಹುಪಾಲು ಅವರು ಹೊರಗೇ ಮಾರುತ್ತಾರೆ. ಆ ಹಾಲಿನ ಪುಡಿ ಸುಂಕವಿಲ್ಲದೆ ಬಂದರೆ, ಎರಡು ಎಮ್ಮೆ ಕಟ್ಟಿಕೊಂಡು ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ನಮ್ಮ ಅಕ್ಕತಂಗಿಯರು ಎಲ್ಲಿ ಹೋಗಬೇಕು? ಆದರೆ ಸೇರದೇ ಇರುವುದು ಬೇರೆ, 47 ವರ್ಷ ಒಳಗಿದ್ದು ಕಾರ್ಖಾನೆ, ಗೋದಾಮು, ಲಾರಿ ಲೈನು ಎಲ್ಲ ಅದಕ್ಕೆ ತಕ್ಕಂತೆ ಕಟ್ಟಿಕೊಂಡ ಮೇಲೆ ಎದ್ದು ಬರುವುದು ಬೇರೆ.

ಇನ್ನು ಹಾನಗಲ್ಲಿನ ಆ ಹಿರಿಯರಿಗೆ. ಸರ್, ನಿಮ್ಮ ದೂರು ನಿಜ. ಹೊರಗಿನ ಅಡಿಕೆಗೆ ಶೇ 100 ಸುಂಕ ಇದ್ದರೂ, ಒಪ್ಪಂದ ಇರುವ ದೇಶದ ಹೆಸರು ಹಾಕಿಕೊಂಡು ಬಂದರೆ ರಿಯಾಯಿತಿ ಸಿಗುತ್ತದೆ. ಕಾಳುಮೆಣಸಿನಲ್ಲೂ ಹಾಗೇ, ವಿಯೆಟ್ನಾಂ ಮಾಲು ಶ್ರೀಲಂಕಾ ಹೆಸರಿನಲ್ಲಿ ಬರುತ್ತದೆ ಅನ್ನೋದು ಬೆಳೆಗಾರರ ಹಳೇ ದೂರು. ಅದಕ್ಕೇ 2017ರ ಡಿಸೆಂಬರಿನಲ್ಲಿ ಮೆಣಸಿಗೆ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ದರ (ಅದಕ್ಕಿಂತ ಕಡಿಮೆ ದರಕ್ಕೆ ಹೊರಗಿನಿಂದ ತರುವಂತಿಲ್ಲ) ಕಟ್ಟಿದರು, 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ದರವನ್ನು 251ರಿಂದ 351ಕ್ಕೆ ಏರಿಸಿದರು. ಮಾಲು ನಿಜವಾಗಿ ಯಾವ ದೇಶದ್ದು ಅಂತ ಆಮದು ಮಾಡುವವರೇ ದಾಖಲೆ ಇಟ್ಟು ತೋರಿಸಬೇಕು ಅನ್ನುವ ನಿಯಮವೂ 2020ರ ಸೆಪ್ಟೆಂಬರಿನಿಂದ ಇದೆ. ಕಳ್ಳತನ ನಡೆಯುತ್ತಿರುವುದು ಮೂಲದ ಕಾಗದದಲ್ಲಿ. ಅಲ್ಲಿ ಹಿಡಿಯಬೇಕು, ಬಂದರಿನಲ್ಲಿ ಬಿಗಿ ಮಾಡಬೇಕು. ಅದಕ್ಕೆ ನೀವು ಅರ್ಜಿ ಬರೆದರೆ ನಾನೂ ಸಹಿ ಹಾಕುತ್ತೇನೆ.

ಆದರೆ ಒಪ್ಪಂದವನ್ನೇ ಹರಿದು ಹಾಕಿದರೆ ಏನಾಗುತ್ತದೆ ಅಂತ ನಿಮ್ಮ ಜಿಲ್ಲೆಯದೇ ಆದ ಬ್ಯಾಡಗಿಗೆ ಹೋಗಿ ಕೇಳಿ. ನಮ್ಮ ದೇಶದ ಒಣಮೆಣಸಿನಕಾಯಿ ಕೊಳ್ಳುವ ದೊಡ್ಡ ಗಿರಾಕಿಗಳಲ್ಲಿ ಥಾಯ್ಲೆಂಡ್, ಇಂಡೋನೇಷ್ಯಾ, ಮಲೇಷ್ಯಾ, ಶ್ರೀಲಂಕಾ ಎಲ್ಲ ಇದ್ದಾರೆ. ನಾವು ಸುಂಕ ಹಾಕಿದರೆ ಅವರೂ ಹಾಕುತ್ತಾರೆ. ಹಾನಗಲ್ಲಿನ ಅಡಿಕೆ ಉಳಿಸಲು ಹೋಗಿ ಬ್ಯಾಡಗಿಯ ಮೆಣಸಿನಕಾಯಿಗೆ ಹೊಡೆತ ಬಿದ್ದರೆ ಆ ರೈತರಿಗೆ ಏನು ಹೇಳುತ್ತೀರಿ? 2024ರ ಮಾರ್ಚಿನಲ್ಲಿ ದರ ಬಿದ್ದ ಒಂದೇ ದಿನಕ್ಕೆ ಆ ಮಾರ್ಕೆಟ್ಟಿನಲ್ಲಿ ಗಾಡಿಗಳಿಗೆ ಬೆಂಕಿ ಬಿದ್ದದ್ದನ್ನು ನಾವೆಲ್ಲ ನೋಡಿದ್ದೇವೆ.

ಇನ್ನೊಂದು ವಿಷಯ. 2025ರ ಮೇ 19ರಂದು ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟದವರು ಲಂಡನ್ನಿನಲ್ಲಿ ಮತ್ತೆ ಕೂತರು, ಆಹಾರದ ಮಾಲಿಗೆ ಗಡಿಯಲ್ಲಿ ಆಗುವ ತಪಾಸಣೆ ಕಡಿಮೆ ಮಾಡಲು ಒಂದು ಒಪ್ಪಂದ ಮಾಡಿಕೊಳ್ಳೋಣ ಅಂತ ಮಾತಾದರು. ಅದೇ ಮಾತುಕತೆಯಲ್ಲಿ ತಮ್ಮ ಸಮುದ್ರದಲ್ಲಿ ಯುರೋಪಿನ ದೋಣಿಗಳು ಇನ್ನೂ 12 ವರ್ಷ ಮೀನು ಹಿಡಿಯಲು ಬ್ರಿಟನ್ ಒಪ್ಪಿತು. ಒಕ್ಕೂಟ ಬಿಡಬೇಕು ಅಂತ ಎಲ್ಲರಿಗಿಂತ ಜೋರಾಗಿ ಕೂಗಿದವರಲ್ಲಿ ಆ ದೇಶದ ಮೀನುಗಾರರೂ ಇದ್ದರು.

ನಾಳೆ ಬ್ಯಾಡಗಿಯ ಖಾರದ ಪುಡಿ ಬ್ರಿಟನ್ನಿಗೆ ಹೋಗಬೇಕಾದರೂ ಅಡ್ಡ ಬರುವುದು ಸುಂಕವಲ್ಲ. ಕೀಟನಾಶಕದ ಅಂಶ ಇದೆಯಾ ಅಂತ 2024ರಿಂದ ಅವರು ಭಾರತದ ಮಸಾಲೆಯನ್ನೆಲ್ಲ ಜಾಸ್ತಿ ತಪಾಸಣೆ ಮಾಡುತ್ತಿದ್ದಾರೆ. ದೊಡ್ಡ ಕಂಪನಿ ಹೇಗೋ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ತರುತ್ತದೆ. ಐವತ್ತು ಚೀಲದ ವ್ಯಾಪಾರಿ ಎಲ್ಲಿಗೆ ಹೋಗಬೇಕು, ಎಷ್ಟು ಖರ್ಚು ಮಾಡಬೇಕು, ಎಷ್ಟು ದಿನ ಕಾಯಬೇಕು? ಒಪ್ಪಂದ ಇರಬೇಕೋ ಬೇಡವೋ ಅಂತ ನಾವು ಜಗಳ ಆಡುವಾಗ ಈ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ನಮ್ಮ ಸಂಸದರನ್ನು ನಿಮ್ಮ ಪತ್ರಿಕೆಯವರಾದರೂ ಕೇಳಿ, ಅವರು ಕೊಟ್ಟ ಉತ್ತರವನ್ನು ಹಾಗೇ ಅಚ್ಚು ಹಾಕಿ.

ಒಬ್ಬ ಓದುಗ, ಹುಬ್ಬಳ್ಳಿ