ಚುಕ್ಕಿ ತೋರಿಸಿದವರಿಗೆ

ಕಾರವಾರದ ಬಳಿಯ ನಮ್ಮ ಚೆಂಡಿಯಾ ಊರಿನವರಾದ, ಪರಮವೀರ ಚಕ್ರ ಪಡೆದ ಮೇಜರ್ ರಾಮ ರಾಘೋಬ ರಾಣೆಯವರ ಸಾಹಸವನ್ನು ಹಳೆಯ ಯುದ್ಧ ಕಾಮಿಕ್ಸ್‌ಗಳ ಶೈಲಿಯಲ್ಲಿ ಕಂಪ್ಯೂಟರಿನಲ್ಲಿ ಬಿಡಿಸಿ ಮುಗಿಸಿದ್ದೇನೆ. ಪುಸ್ತಿಕೆ ಅಚ್ಚಾಗಿ ಕೈಸೇರಿದೆ. ಹೊದಿಕೆಯ ಮೇಲೆ ನನ್ನೊಬ್ಬನ ಹೆಸರಿದೆ. ಉಳಿದವರನ್ನು ಇಲ್ಲಾದರೂ ನೆನೆಯಬೇಕು.

ಮೊದಲು ದೊಡ್ಡಪ್ಪ. ಮುಂಬೈಯಲ್ಲಿದ್ದಾಗ ಅವರು ರದ್ದಿ ಅಂಗಡಿಗಳಿಂದ ಆರಿಸಿ ತಂದ ‘ಕಮಾಂಡೊ’ ಪುಸ್ತಕಗಳೇ ಇದಕ್ಕೆಲ್ಲ ಮೂಲ. 1961ರಿಂದ ಸ್ಕಾಟ್ಲೆಂಡಿನ ಡಂಡಿಯಿಂದ ಹೊರಬರುತ್ತಿರುವ ಪುಟ್ಟ ಪುಸ್ತಕಗಳು ಅವು; ಹೊದಿಕೆಗಷ್ಟೇ ಬಣ್ಣ, ಒಳಗೆಲ್ಲ ಕಪ್ಪು ಬಿಳುಪು. ಕಾರವಾರದ ಉಪ್ಪುಗಾಳಿಗೆ ಪಿನ್ನುಗಳು ತುಕ್ಕು ಹಿಡಿದು ನಡುಹಾಳೆಗಳನ್ನು ತಿಂದಿದ್ದವು. ಆದರೂ ಒಂದನ್ನೂ ಎಸೆಯಗೊಡದೆ, ಮಳೆಗಾಲ ಕಳೆದಾಗಲೆಲ್ಲ ಬಿಸಿಲಿಗಿಟ್ಟು ಕಾಪಾಡಿದವರು ದೊಡ್ಡಮ್ಮ.

ಮುದ್ರಣಾಲಯದ ಮಾಮನ ಋಣ ಇನ್ನೂ ದೊಡ್ಡದು. ಕಂಪ್ಯೂಟರಿನಲ್ಲಿ ತುಂಬಿದ ಬಣ್ಣ ನುಣ್ಣಗಿರುತ್ತದೆ, ಹಳೆಯ ಅಚ್ಚಿನ ಒರಟುತನ ಅದಕ್ಕೆ ಬರುವುದಿಲ್ಲ. ಅವರು ಹಳೆಯ ಹೊದಿಕೆಯೊಂದರ ಮೇಲೆ ಭೂತಗನ್ನಡಿ ಇಟ್ಟು “ನೋಡು” ಎಂದರು. ಸೈನಿಕನ ಕೆನ್ನೆ ಮಾಯವಾಗಿ ಕೆಂಪು, ಹಳದಿ, ನೀಲಿ ಚುಕ್ಕಿಗಳ ಸಾಲುಗಳು ಕಂಡವು. ಕಪ್ಪಿನ ಸಾಲು 45 ಡಿಗ್ರಿಗೆ, ಕೆಂಪು 75ಕ್ಕೆ, ನೀಲಿ 15ಕ್ಕೆ ಓರೆಯಾಗಿರಬೇಕು, ಕೋನ ಕೆಟ್ಟರೆ ಚಿತ್ರದ ಮೇಲೆ ಅಲೆಅಲೆಯಾಗಿ ಗೆರೆಗಳೇಳುತ್ತವೆ ಎಂದು ಬಿಡಿಸಿ ಹೇಳಿದರು. ಒಂದು ಬಣ್ಣದ ಪ್ಲೇಟು ಕೂದಲೆಳೆಯಷ್ಟು ಜರುಗಿದ್ದರಿಂದ ಹೆಲ್ಮೆಟ್ಟಿನ ಅಂಚಿನಾಚೆ ಕೆಂಪು ಇಣುಕಿತ್ತು. ಆ ಜರುಗನ್ನು ನನ್ನ ಹೊದಿಕೆಯಲ್ಲೂ ಬೇಕೆಂದೇ ಇಟ್ಟಿದ್ದೇನೆ. ಅದಿಲ್ಲದೆ ಆ ಕಾಲದ ಕಳೆ ಬರುವುದಿಲ್ಲ.

1948ರ ಏಪ್ರಿಲ್‌ನಲ್ಲಿ, ಕಾಶ್ಮೀರ ಯುದ್ಧದ ವೇಳೆ ನೌಶೇರಾ–ರಾಜೌರಿ ದಾರಿಯಲ್ಲಿ, ಗಾಯಗೊಂಡಿದ್ದ ರಾಣೆಯವರು ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ಹಗ್ಗ ಜಗ್ಗಿ ಚಾಲಕನಿಗೆ ಸನ್ನೆ ಕೊಡುತ್ತ ಮುಂದೆ ಸಾಗಿದ್ದರು. ಈ ಒಂದು ಚಿತ್ರಕ್ಕಾಗಿಯೇ ನಾನು ಪುಸ್ತಿಕೆಗೆ ಕೈ ಹಾಕಿದ್ದು. ನೆರೆಮನೆಯ ನಿವೃತ್ತ ಸ್ಯಾಪರ್ (ಸೇನೆಯ ಎಂಜಿನಿಯರಿಂಗ್ ದಳದ ಸೈನಿಕ) ಒಬ್ಬರು ಈ ವಯಸ್ಸಿನಲ್ಲೂ ಅಂಗಳದಲ್ಲಿ ಬೋರಲು ಮಲಗಿ, ನೆಲಬಾಂಬ್ ಹುಡುಕುವವನು ತೆವಳುವ ಬಗೆ ತೋರಿಸಿದರು: ಮೈಯ ಭಾರವೆಲ್ಲ ಮೊಣಕೈಗಳ ಮೇಲೆ, ಬೆರಳುಗಳು ಸಡಿಲ. ಪುಟದಲ್ಲಿ ನೀವು ಕಾಣುವ ಕೈಗಳು ಅವರವೇ. ಹೆಸರು ಹಾಕಬೇಡ ಎಂದರು, ಹಾಕಿಲ್ಲ. ಆದರೆ ಕೈಮುಗಿಯದೆ ಇರಲಾರೆ.

ಕಾರವಾರದ ಟಾಗೋರ್ ಕಡಲತೀರದಲ್ಲಿ ರಾಣೆಯವರ ಪ್ರತಿಮೆಯನ್ನು ಕಂಡ ಮಕ್ಕಳು ಆ ಟ್ಯಾಂಕಿನ ಅಡಿಯ ರಾಣೆಯವರನ್ನೂ ಕಾಣಲಿ ಎಂಬ ಆಸೆ ನನ್ನದು. ತಾಲ್ಲೂಕಿನ ಯಾವ ಶಾಲೆಯವರು ಕೇಳಿದರೂ ಪುಸ್ತಿಕೆಯನ್ನು ಉಚಿತವಾಗಿ ತಲುಪಿಸುತ್ತೇನೆ.